ಅಕೇಶಿಯಾ ನೆಡುತೋಪುಗಳಲ್ಲಿ ಎಳೆಯ ಮರಗಳ ಬೆಳವಣಿಗೆಯ ವ್ಯತ್ಯಾಸ

ಶಿವಮೊಗ್ಗ ಜಿಲ್ಲೆಯ ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳ ಅಕೇಶಿಯಾ ನೆಡುತೋಪುಗಳಲ್ಲಿ ಒಂದೇ ಮಳೆಗಾಲದಲ್ಲಿ ನೆಟ್ಟ ಸಸಿಗಳು ಎತ್ತರದಲ್ಲಿಯೂ ಕಾಂಡದ ದಪ್ಪದಲ್ಲಿಯೂ ಸಮನಾಗಿ ಬೆಳೆಯುವುದಿಲ್ಲ. ಇಲ್ಲಿ ವ್ಯಾಪಕವಾಗಿರುವ ಅಕೇಶಿಯಾ ಆರಿಕ್ಯುಲಿಫಾರ್ಮಿಸ್ ಪ್ರಭೇದವು ಆಸ್ಟ್ರೇಲಿಯಾ, ಪಪುವಾ ನ್ಯೂಗಿನಿ ಹಾಗೂ ಇಂಡೋನೇಷ್ಯಾ ಮೂಲದ್ದು. ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆಗೆ 1980ರಲ್ಲಿ ಅರಣ್ಯಭೂಮಿಯನ್ನು 40 ವರ್ಷಗಳ ಅವಧಿಗೆ ಗುತ್ತಿಗೆ ನೀಡಲಾಯಿತು. ಅಲ್ಲಿಂದೀಚೆಗೆ ಮಲೆನಾಡಿನಲ್ಲಿ ಇಂತಹ ನೆಡುತೋಪುಗಳು ಹೆಚ್ಚಿದವು.

ವ್ಯತ್ಯಾಸಕ್ಕೆ ಪ್ರಮುಖ ಕಾರಣ ಮಣ್ಣಿನ ಆಳ. ಗುಡ್ಡದ ನೆತ್ತಿಯಲ್ಲಿ ಜಂಬಿಟ್ಟಿಗೆಯ ಗಟ್ಟಿ ಪದರವು ನೆಲಮಟ್ಟಕ್ಕೆ ಸಮೀಪವಿದ್ದರೆ ಬೇರು ಆಳಕ್ಕಿಳಿಯಲಾರದು. ಮಳೆಗಾಲದಲ್ಲಿ ಹುಲುಸಾಗಿದ್ದ ಸಸಿಯು ಡಿಸೆಂಬರ್‌ನಿಂದ ಮೇವರೆಗಿನ ಒಣ ತಿಂಗಳುಗಳಲ್ಲಿ ಸೊರಗುತ್ತದೆ. ಇಳಿಜಾರಿನ ಬುಡದಲ್ಲಿ, ಮಳೆನೀರು ಕೊಚ್ಚಿ ತಂದ ಮಣ್ಣು ಸೇರಿರುವಲ್ಲಿ, ಅದೇ ವಯಸ್ಸಿನ ಸಸಿಯು ಬೇಗ ಎತ್ತರವಾಗುತ್ತದೆ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಅಧಿಕ ಮಳೆಯಾಗುತ್ತದೆ. ಆದರೆ ನೀರನ್ನು ಹಿಡಿದಿಡುವ ಮಣ್ಣಿಲ್ಲದಿದ್ದರೆ ಬೇಸಿಗೆಯಲ್ಲಿ ಆ ಮಳೆಯಿಂದ ಸಸಿಗೆ ಪ್ರಯೋಜನವಿಲ್ಲ. ಆದುದರಿಂದ ಕುಳ್ಳಾದ ಸಸಿಯನ್ನು ಕಳಪೆ ತಳಿಯೆಂದು ನೋಡಿದೊಡನೆ ತೀರ್ಮಾನಿಸುವುದು ಅವಸರದ ಮಾತಾದೀತು.

ಬೀಜದ ಪಾತ್ರವೂ ಇಲ್ಲದಿಲ್ಲ. ಅಕೇಶಿಯಾ ಬೀಜದ ಸಿಪ್ಪೆ ಗಡುಸು. ಬಿಸಿನೀರಿನಲ್ಲಿ ಉಪಚರಿಸದೆ ಬಿತ್ತಿದರೆ ಮೊಳಕೆಗಳು ಬೇರೆಬೇರೆ ದಿನ ಮೇಲೇಳುತ್ತವೆ. ಸಸ್ಯಪಾಲನಾ ಕ್ಷೇತ್ರದಲ್ಲಿ ಉಂಟಾದ ಈ ಅಂತರವು ನೆಟ್ಟ ನಂತರವೂ ಉಳಿಯಬಹುದು. ಬೇರುಗಂಟುಗಳಲ್ಲಿನ ಬ್ಯಾಕ್ಟೀರಿಯಾಗಳು ಸಾರಜನಕವನ್ನು ಒದಗಿಸುವುದರಿಂದ ಬಡ ಮಣ್ಣಿನಲ್ಲಿಯೂ ಈ ಮರ ಬದುಕುತ್ತದೆ, ಆದರೆ ನೀರಿನ ಕೊರತೆಯನ್ನು ಅವು ನೀಗಿಸಲಾರವು.

ಸತ್ತ ಸಸಿಗಳ ಸ್ಥಾನದಲ್ಲಿ ಮರುವರ್ಷ ನೆಟ್ಟವುಗಳಿಗೆ ಬೆಳಕಿನ ಅಭಾವ ಕಾಡುತ್ತದೆ. ನೆರೆಯ ಮರಗಳ ತಲೆ ಕೂಡಿಕೊಂಡ ಮೇಲೆ ಅವು ನೆರಳಿನಲ್ಲಿಯೇ ಉಳಿಯುತ್ತವೆ.