ಬಿಡದ ಸೊಂಟನೋವು: ಬೆಳೆಗಾರರು ತಿಳಿಯತಕ್ಕ ಕೆಲವು ವಿಷಯಗಳು

ಕೊನೆ ಕೊಯ್ಲು, ಬೋರ್ಡೋ ಸಿಂಪಡಣೆ, ಮರಗಸಿ, ಕಾಫಿ ಮೂಟೆ ಹೊರುವುದು, ಇವುಗಳಲ್ಲಿ ಯಾವುದೂ ಸೊಂಟಕ್ಕೆ ಸುಲಭದ ಕೆಲಸವಲ್ಲ. ನೋವು ತಿಂಗಳಾದರೂ ಬಿಡದಿದ್ದಾಗ ಸ್ಕ್ಯಾನ್ ಮಾಡಿಸಿ, "ಡಿಸ್ಕ್ ಸವೆದಿದೆ" ಎಂಬ ಮಾತು ಕೇಳಿ, ಬೆಲ್ಟು ಬಿಗಿದು, ಇನ್ನು ತೋಟದ ಕೆಲಸ ತಮ್ಮಿಂದಾಗದೆಂದು ಕುಳಿತುಬಿಡುವವರು ನಮ್ಮಲ್ಲಿ ಕಡಿಮೆಯಿಲ್ಲ. ಸಣ್ಣ ಹಿಡುವಳಿದಾರ ಕೊಯ್ಲಿನ ಕಾಲದಲ್ಲಿ ಹೀಗೆ ಕುಳಿತರೆ ಆ ವರ್ಷದ ಲೆಕ್ಕವೇ ತಪ್ಪುತ್ತದೆ. ಆದುದರಿಂದ ನೋವಿನ ಬಗ್ಗೆ ವಿಜ್ಞಾನ ಏನು ಹೇಳುತ್ತದೆ, ಫಿಸಿಯೋಥೆರಪಿಯಲ್ಲಿ ಅದನ್ನು ಹೇಗೆ ಬಳಸುತ್ತಾರೆ ಎಂಬುದನ್ನು ಸದಸ್ಯ ಬಾಂಧವರು ತಿಳಿದಿರುವುದು ಒಳ್ಳೆಯದು.

ನೋವು ಎಷ್ಟೋ ಪೆಟ್ಟೂ ಅಷ್ಟೇ ಎಂಬುದು ಹಳೆಯ ನಂಬಿಕೆ. 1965ರಲ್ಲಿ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಎಂಬ ವಿಜ್ಞಾನಿಗಳು ಬೇರೆ ವಿಚಾರ ಮುಂದಿಟ್ಟರು. ಬೆನ್ನುಹುರಿಯಲ್ಲಿ ಕೆರೆಯ ತೂಬಿನಂಥ ಒಂದು ವ್ಯವಸ್ಥೆಯಿದ್ದು, ಶರೀರದಿಂದ ಬರುವ ಸುದ್ದಿಯನ್ನು ಅದು ಒಮ್ಮೆ ತಡೆಯುತ್ತದೆ, ಒಮ್ಮೆ ಬಿಡುತ್ತದೆ. ಮಿದುಳಿನ ಸೂಚನೆಯೂ ಅದನ್ನು ನಡೆಸುತ್ತದೆ ಎಂದರು. ವಿವರಗಳು ಆಮೇಲೆ ತಿದ್ದುಪಡಿಯಾದರೂ ಮೂಲ ವಿಚಾರ ನಿಂತಿದೆ. ಕೆಲಸದ ಭರದಲ್ಲಿ ಕತ್ತಿ ತಾಗಿದ್ದು ಸಂಜೆ ಕೈಕಾಲು ತೊಳೆಯುವಾಗ ತಿಳಿಯುವುದು ನಮಗೆಲ್ಲ ಗೊತ್ತಿದ್ದದ್ದೇ.

ಮೂರು ತಿಂಗಳು ದಾಟಿದ ನೋವಿನಲ್ಲಿ ಅನೇಕರಿಗೆ ಪೆಟ್ಟು ಮಾಗಿರುತ್ತದೆ. ನರಮಂಡಲ ಮಾತ್ರ ಎಚ್ಚರ ತಗ್ಗಿಸಿರುವುದಿಲ್ಲ. ಕಾಡುಹಂದಿ ಹೋದ ಮೇಲೂ ಎಲೆ ಅಲುಗಿದ್ದಕ್ಕೆಲ್ಲ ಬೊಗಳುವ ನಾಯಿಯ ಹಾಗೆ. ನೋವು ಸುಳ್ಳಲ್ಲ, ಆದರೆ ಭಯ, ನಿದ್ದೆಗೇಡು, ಸಾಲದ ಚಿಂತೆ ಅದನ್ನು ಹೆಚ್ಚಿಸುತ್ತವೆ.

ಸ್ಕ್ಯಾನಿನ ವಿಷಯ. ಬೆನ್ನುನೋವೇ ಇಲ್ಲದವರ ಸ್ಕ್ಯಾನುಗಳನ್ನು ಕುರಿತ ಅಧ್ಯಯನಗಳ 2015ರ ಸಮೀಕ್ಷೆಯೊಂದರ ಪ್ರಕಾರ, ಡಿಸ್ಕ್ ಸವೆತ 20ರ ವಯಸ್ಸಿನಲ್ಲಿ ಶೇ. 37, 50ರಲ್ಲಿ ಶೇ. 80, 80ರಲ್ಲಿ ಶೇ. 96 ಮಂದಿಗೆ ಕಂಡಿತು. ಅದು ಬಹುಪಾಲು ತಲೆ ನರೆತಂತೆ ವಯಸ್ಸಿನ ಗುರುತು.

ಇದನ್ನರಿತ ಫಿಸಿಯೋಥೆರಪಿಸ್ಟರು ಮೊದಲು ನಿದ್ದೆ, ಕೆಲಸ, ಭಯಗಳನ್ನು ವಿಚಾರಿಸುತ್ತಾರೆ. ನೋವಿನ ಬಗೆಯನ್ನು ರೋಗಿಗೆ ತಿಳಿಯಹೇಳುತ್ತಾರೆ. ಬಗ್ಗಲು ಹೆದರುವವರಿಗೆ ಸ್ವಲ್ಪ ಸ್ವಲ್ಪವಾಗಿ ಬಗ್ಗುವುದನ್ನೇ ಅಭ್ಯಾಸ ಮಾಡಿಸುತ್ತಾರೆ. ಇಂದು ಐದು ನಿಮಿಷ ನಡಿಗೆ, ಮುಂದಿನ ವಾರ ಎಂಟು. ಮೊದಲು ಅರ್ಧ ಕೊಡ, ಆಮೇಲೆ ತುಂಬಿದ ಕೊಡ. ನೋವು ಕಡಿಮೆಯಿದ್ದ ದಿನ ಅತಿಯಾಗಿ ದುಡಿದು ಮರುದಿನ ಮಲಗುವುದಕ್ಕಿಂತ, ಗೊತ್ತುಮಾಡಿದ ಪ್ರಮಾಣವನ್ನು ದಿನವೂ ಮಾಡುವುದು ಮೇಲು. ವಿಶ್ವ ಆರೋಗ್ಯ ಸಂಸ್ಥೆಯ 2023ರ ಮಾರ್ಗಸೂಚಿಯೂ ಬಹುಕಾಲದ ಸೊಂಟನೋವಿಗೆ ತಿಳುವಳಿಕೆ ಮತ್ತು ವ್ಯಾಯಾಮವನ್ನು ಶಿಫಾರಸು ಮಾಡಿದೆ. ಬೆಲ್ಟು ಹಾಗೂ ಎಳೆತದ ಚಿಕಿತ್ಸೆಯನ್ನು ಮಾಮೂಲಾಗಿ ಕೊಡಬಾರದೆಂದಿದೆ.

ಒಂದು ಎಚ್ಚರಿಕೆ. ಮರದಿಂದ ಬಿದ್ದಾಗ, ಮೂತ್ರ ಕಟ್ಟಿದಾಗ ಅಥವಾ ಹಿಡಿತ ತಪ್ಪಿದಾಗ, ತೊಡೆಸಂದಿ ಜೋಮು ಹಿಡಿದಾಗ, ಕಾಲು ಬಲಗುಂದುತ್ತಿದ್ದಾಗ ತಡಮಾಡದೆ ಆಸ್ಪತ್ರೆಗೆ ಹೋಗತಕ್ಕದ್ದು. ಸೊಂಟನೋವಿನೊಡನೆ ಜ್ವರವಿದ್ದರೆ, ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ ವೈದ್ಯರಿಗೆ ತೋರಿಸಲೇಬೇಕು.

ಉಳಿದವರು ಚಿಕಿತ್ಸೆಗೆ ಹೋದಾಗ "ಏನೇನು ಮಾಡಬಾರದು" ಎಂಬುದನ್ನಷ್ಟೇ ಕೇಳಿ ಬರಬೇಡಿ. "ಎಷ್ಟರಿಂದ ಪ್ರಾರಂಭಿಸಲಿ, ವಾರಕ್ಕೆ ಎಷ್ಟು ಹೆಚ್ಚಿಸಲಿ" ಎಂದು ಕೇಳಿ, ಬರೆದುಕೊಂಡು ಬನ್ನಿ. ನಮ್ಮ ತೋಟಗಳಲ್ಲಿ ದುಡಿಯುವ ಕೂಲಿಕಾರರಿಗೂ ಇದೇ ಮಾತು ಅನ್ವಯಿಸುತ್ತದೆ. ನೋವಿನಿಂದ ಎದ್ದವರಿಗೆ ಮೊದಲ ದಿನವೇ ಮೂಟೆ ಹೊರಿಸದೆ ಹಗುರ ಕೆಲಸ ಕೊಡುವುದು ನಮ್ಮ ಕರ್ತವ್ಯ.