ಫೋನಿನ ನೀಲಿ ಬಣ್ಣ ಮೊದಲು ಸೋಲೋದು ಯಾಕೆ? ಉತ್ತರ ಇರೋದು ಕಾರ್ಖಾನೆಯಲ್ಲಲ್ಲ, ಕೆಮಿಸ್ಟ್ರಿ ಲ್ಯಾಬಿನಲ್ಲಿ

ಶಿಕಾರಿಪುರ ಅಥವಾ ಸೊರಬದ ಯಾವ ಮೊಬೈಲ್ ರಿಪೇರಿ ಅಂಗಡಿಗೆ ಹೋದರೂ ಈ ದೂರು ಕೇಳಿಸುತ್ತೆ: ಎರಡು-ಮೂರು ವರ್ಷ ಬಳಸಿದ ಅಮೋಲೆಡ್ ಫೋನಿನ ಪರದೆಯಲ್ಲಿ ಕೀಬೋರ್ಡಿನ ನೆರಳು ಉಳಿದುಬಿಟ್ಟಿದೆ, ಬಿಳಿ ಬಣ್ಣ ಹಳದಿಗೆ ತಿರುಗಿದೆ. ಅಂಗಡಿಯವರು 'ಡಿಸ್‌ಪ್ಲೇ ಬರ್ನ್ ಆಗಿದೆ, ಹೊಸದು ಹಾಕಬೇಕು' ಅಂತಾರೆ. ಅವರು ಹೇಳೋ ರೇಟು ಕೇಳಿದರೆ ಹೊಸ ಫೋನೇ ತಗೊಳ್ಳೋಣ ಅನ್ನಿಸುತ್ತೆ.

ಇದು ಬರೀ ಕಂಪನಿಗಳ ಲಾಭಕೋರತನದ ಕತೆಯಲ್ಲ. ಇದರ ಬೇರು ಪರದೆಯೊಳಗಿನ ಅಣುಗಳಲ್ಲಿದೆ. ಆ ಅಣುಗಳನ್ನು ಯಾರು ಮಾಡ್ತಾರೆ ಅನ್ನೋದು ಮಾತ್ರ ರಾಜಕೀಯದ ಪ್ರಶ್ನೆಯೇ.

ನಾಲ್ಕರಲ್ಲಿ ಮೂರು ಪಾಲು ನಷ್ಟ

ಒಎಲ್‌ಇಡಿ ಅಂದರೆ ಕಾರ್ಬನ್ ಆಧಾರಿತ ಅಣುಗಳ ಅತಿ ತೆಳುವಾದ ಪದರಗಳು. ಒಂದು ಕಡೆಯಿಂದ ಎಲೆಕ್ಟ್ರಾನ್, ಇನ್ನೊಂದು ಕಡೆಯಿಂದ ಎಲೆಕ್ಟ್ರಾನಿನ ಖಾಲಿ ಜಾಗ ಹರಿದು ಬಂದು ನಡುವಿನ ಪದರದಲ್ಲಿ ಸೇರಿದಾಗ ಬೆಳಕು ಹುಟ್ಟುತ್ತೆ. 1987ರಲ್ಲಿ ಅಮೆರಿಕದ ಕೊಡಾಕ್ ಕಂಪನಿಯ ಚಿಂಗ್ ಟಾಂಗ್ ಮತ್ತು ಸ್ಟೀವನ್ ವ್ಯಾನ್ ಸ್ಲೈಕ್ ಎರಡು ಪದರಗಳ ಇಂಥ ಸಾಧನ ಮಾಡಿ, 10 ವೋಲ್ಟಿಗಿಂತ ಕಡಿಮೆಯಲ್ಲಿ ಉರಿಸಿ ತೋರಿಸಿದರು. ಆದರೆ ಅದರ ದಕ್ಷತೆ ಸುಮಾರು ಶೇ. 1 ಅಷ್ಟೇ.

ಯಾಕೆ ಅಷ್ಟು ಕಡಿಮೆ? ಎಲೆಕ್ಟ್ರಾನ್ ಮತ್ತು ಖಾಲಿ ಜಾಗ ಸೇರಿ ಹುಟ್ಟುವ ಪ್ರತಿ ನಾಲ್ಕು ಜೋಡಿಗಳಲ್ಲಿ ಸಾಮಾನ್ಯ ಅಣುವಿನಿಂದ ಬೆಳಕು ಕೊಡೋದು ಒಂದು ಮಾತ್ರ. ಉಳಿದ ಮೂರು ಬಿಸಿಯಾಗಿ ಕಳೆದುಹೋಗುತ್ತವೆ. ಅದು ಕ್ವಾಂಟಂ ನಿಯಮ. ಹುಟ್ಟಿದ ಬೆಳಕಿನಲ್ಲೂ ಬಹುಪಾಲು ಗಾಜು ಮತ್ತು ಪದರಗಳ ಒಳಗೇ ಸಿಕ್ಕಿಹಾಕಿಕೊಳ್ಳುತ್ತೆ.

1998-99ರಲ್ಲಿ ಸ್ಟೀಫನ್ ಫಾರೆಸ್ಟ್, ಮಾರ್ಕ್ ಥಾಂಪ್ಸನ್ ಮತ್ತವರ ಸಂಗಡಿಗರು ಪ್ಲಾಟಿನಂ, ಇರಿಡಿಯಂನಂಥ ಭಾರ ಲೋಹ ಸೇರಿಸಿದ ಅಣುಗಳನ್ನು ಬಳಸಿದರು. ಆಗ ಆ ಮೂರು ಜೋಡಿಗಳೂ ಬೆಳಕಾದವು. ಇವತ್ತು ನಿಮ್ಮ ಫೋನಿನ ಕೆಂಪು, ಹಸಿರು ಬಣ್ಣ ಬರೋದು ಹೆಚ್ಚಾಗಿ ಈ ಬಗೆಯ ವಸ್ತುಗಳಿಂದಲೇ.

ನೀಲಿಯ ಸಮಸ್ಯೆ

ನೀಲಿ ಮಾತ್ರ ಹಿಂದೆ ಬಿತ್ತು. ನೀಲಿ ಬೆಳಕಿನ ಒಂದು ಕಣದ ಶಕ್ತಿ ಸುಮಾರು 2.7 ಎಲೆಕ್ಟ್ರಾನ್ ವೋಲ್ಟ್. ಅಣುವಿನೊಳಗಿನ ಕೆಲವು ದುರ್ಬಲ ಬಂಧಗಳನ್ನು ಮುರಿಯಲು ಬೇಕಾದ ಶಕ್ತಿ ಇದಕ್ಕಿಂತ ಬಹಳ ದೂರವೇನಿಲ್ಲ. ಶಕ್ತಿ ತುಂಬಿಕೊಂಡ ಎರಡು ಅಣುಗಳು ಡಿಕ್ಕಿ ಹೊಡೆದರೆ ಒಂದರ ಶಕ್ತಿ ಇನ್ನೊಂದಕ್ಕೆ ಸೇರಿ, ಬಂಧವೇ ಮುರಿದುಹೋಗಬಹುದು. ಮುರಿದ ಅಣು ಬೆಳಗೋದಿಲ್ಲ. ಜೊತೆಗೆ ಅಕ್ಕಪಕ್ಕದ ಅಣುಗಳ ಶಕ್ತಿಯನ್ನೂ ನುಂಗುತ್ತೆ.

ಹೀಗಾಗಿ ಫೋನ್ ಕಂಪನಿಗಳು ನೀಲಿಗೆ ದಕ್ಷತೆ ಕಡಿಮೆ ಇದ್ದರೂ ಬಾಳಿಕೆ ಹೆಚ್ಚಿರುವ ಹಳೇ ಬಗೆಯ ವಸ್ತುವನ್ನೇ ನೆಚ್ಚಿಕೊಂಡವು. ಆದರೆ ದಕ್ಷತೆ ಕಡಿಮೆ ಅಂದರೆ ಅದೇ ಬೆಳಕಿಗೆ ಹೆಚ್ಚು ಕರೆಂಟ್ ಹರಿಸಬೇಕು. ಹೆಚ್ಚು ಕರೆಂಟ್ ಅಂದರೆ ಹೆಚ್ಚು ಸವೆತ. ದಕ್ಷತೆ ಮತ್ತು ಆಯಸ್ಸು ಒಂದೇ ನೊಗಕ್ಕೆ ಕಟ್ಟಿದ ಎರಡು ಎತ್ತು. ನೀಲಿ ಸೋತಾಗ ಬಿಳಿ ಹಳದಿಯಾಗುತ್ತೆ. ಬ್ರೈಟ್‌ನೆಸ್ ತಗ್ಗಿಸಿದರೆ, ಕಪ್ಪು ಹಿನ್ನೆಲೆ ಇಟ್ಟರೆ ಪರದೆ ಹೆಚ್ಚು ದಿನ ಬರೋದೂ ಇದಕ್ಕೇ. ಕಪ್ಪು ಇರುವ ಕಡೆ ಪಿಕ್ಸೆಲ್ ಉರಿಯೋದೇ ಇಲ್ಲ.

ಮರ ನೋಡಿ ಉಳಿ ಹಾಕು

ಸೊರಬದ ಗುಡಿಗಾರರು ಗಂಧದ ತುಂಡಿಗೆ ಉಳಿ ಹಾಕುವ ಮುಂಚೆ ಚೇಗು ಎಲ್ಲಿದೆ, ಎಳೆ ಹೇಗೆ ಓಡಿದೆ ಅಂತ ನೋಡ್ತಾರೆ. ಇಲ್ಲೂ ಅಷ್ಟೇ, ಅರ್ಧ ಕೆಲಸ ವಸ್ತುವಿನ ಆಯ್ಕೆಯಲ್ಲೇ ಮುಗಿಯುತ್ತೆ. ಮೊದಮೊದಲು ಬಳಸುತ್ತಿದ್ದ ಟಿಪಿಡಿ ಎಂಬ ಅಣುವಿನ ಪದರ ಸುಮಾರು 65 ಡಿಗ್ರಿ ಸೆಲ್ಸಿಯಸ್‌ಗೇ ಮೆತ್ತಗಾಗುತ್ತಿತ್ತು. ಎನ್‌ಪಿಬಿ ಎಂಬ ಅಣು ಬಂದಾಗ ಆ ಮಿತಿ 95ರ ಆಸುಪಾಸಿಗೆ ಏರಿತು. 1997ರಲ್ಲಿ ಅಲ್ಯೂಮಿನಿಯಂ ಕೆಳಗೆ ಒಂದು ನ್ಯಾನೋಮೀಟರಿಗಿಂತ ತೆಳುವಾದ ಲಿಥಿಯಂ ಫ್ಲೋರೈಡ್ ಪದರ ಇಟ್ಟಾಗ ಎಲೆಕ್ಟ್ರಾನ್‌ಗಳು ಸಲೀಸಾಗಿ ಒಳಬಂದು, ಬೇಕಾದ ವೋಲ್ಟೇಜ್ ಇಳಿಯಿತು.

2012ರಲ್ಲಿ ಜಪಾನಿನ ಕ್ಯೂಶು ವಿಶ್ವವಿದ್ಯಾಲಯದ ಚಿಹಾಯಾ ಅಡಾಚಿ ತಂಡ ದುಬಾರಿ ಲೋಹವೇ ಇಲ್ಲದೆ, ಕಾರ್ಬನ್, ಹೈಡ್ರೋಜನ್, ನೈಟ್ರೋಜನ್ ಮಾತ್ರ ಇರುವ ಅಣುಗಳಿಂದ ಅದೇ ಮಟ್ಟದ ದಕ್ಷತೆ ಸಾಧಿಸಿತು. 2021ರ ಕೊನೆಗೆ ಎಲ್‌ಜಿ ಡಿಸ್‌ಪ್ಲೇ ಅಣುವಿನ ಹೈಡ್ರೋಜನ್ ಜಾಗದಲ್ಲಿ ಅದರ ಭಾರದ ಅಣ್ಣ ಡ್ಯೂಟೀರಿಯಂ ಇಟ್ಟ ಪರದೆಗಳನ್ನು ಪ್ರಕಟಿಸಿತು. ಕಾರ್ಬನ್-ಡ್ಯೂಟೀರಿಯಂ ಬಂಧ ಮುರಿಯೋದು ಕಷ್ಟ, ಅದರಿಂದ ಬಾಳಿಕೆ ಹೆಚ್ಚು.

ಡ್ಯೂಟೀರಿಯಂ ನಮಗೆ ಅಪರಿಚಿತ ವಸ್ತುವೇನಲ್ಲ. ಸೊರಬದ ಪಕ್ಕದ ಉತ್ತರ ಕನ್ನಡ ಜಿಲ್ಲೆಯ ಕೈಗಾ ಅಣುಸ್ಥಾವರ ನಡೆಯೋದೇ ಭಾರಜಲದಿಂದ. ಭಾರಜಲ ಅಂದರೆ ಡ್ಯೂಟೀರಿಯಂ ಇರುವ ನೀರು. ಅದನ್ನು ತಯಾರಿಸುವ ಪ್ರಮುಖ ದೇಶಗಳಲ್ಲಿ ಭಾರತವೂ ಒಂದು.

ಕಂಡುಹಿಡಿದದ್ದು ಇಲ್ಲಿ, ಮಾರಿದ್ದು ಅಲ್ಲಿ

1977ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಎಸ್. ಚಂದ್ರಶೇಖರ್, ಬಿ.ಕೆ. ಸದಾಶಿವ, ಕೆ.ಎ. ಸುರೇಶ್ ಅವರು ಬಿಲ್ಲೆಯಾಕಾರದ ಅಣುಗಳ ದ್ರವಸ್ಫಟಿಕವನ್ನು ಜಗತ್ತಿಗೇ ಮೊದಲು ಕಂಡುಹಿಡಿದರು. ಈ ಅಣುಗಳು ನಾಣ್ಯ ಪೇರಿಸಿದ ಹಾಗೆ ಕಂಬ ಕಂಬವಾಗಿ ನಿಲ್ಲುತ್ತವೆ. ಆ ಕಂಬಗುಂಟ ವಿದ್ಯುತ್ ಹರಿಯಬಲ್ಲದು, ಹಾಗಾಗಿ ಒಎಲ್‌ಇಡಿ ಸಂಶೋಧಕರಿಗೂ ಇವುಗಳ ಮೇಲೆ ಕಣ್ಣು. ಈ ಜಾತಿಯ ಅಣುಗಳ ಫಿಲ್ಮ್ ಮಾಡಿ 1990ರ ದಶಕದಲ್ಲಿ ಎಲ್‌ಸಿಡಿ ಪರದೆಗಳಿಗೆ ಮಾರಿದ್ದು ಮಾತ್ರ ಜಪಾನಿನ ಫ್ಯೂಜಿಫಿಲ್ಮ್.

2021ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಚಿಪ್ ಮತ್ತು ಡಿಸ್‌ಪ್ಲೇ ತಯಾರಿಕೆಗೆ 76,000 ಕೋಟಿ ರೂ. ಯೋಜನೆ ಘೋಷಿಸಿತು. 2023-24ರಲ್ಲಿ ಒಪ್ಪಿಗೆ ಪಡೆದ ಮೊದಲ ಐದು ಯೋಜನೆಗಳೂ ಚಿಪ್‌ಗೆ ಸೇರಿದವು. ನಾಲ್ಕು ಗುಜರಾತಿಗೆ, ಒಂದು ಅಸ್ಸಾಮಿಗೆ. ನಮ್ಮ ಮೈಸೂರಿನ ಕೇನ್ಸ್ ಕಂಪನಿಯ ಘಟಕವೂ ಹೋಗಿದ್ದು ಗುಜರಾತಿನ ಸಾನಂದಕ್ಕೆ.

ಹಾಗಂತ 'ನಮಗೂ ಒಂದು ಡಿಸ್‌ಪ್ಲೇ ಕಾರ್ಖಾನೆ ಕೊಡಿ' ಅಂತ ಕೇಳಿದರೆ ಸಾಕಾ? ಯಂತ್ರ, ಅಣು, ಪೇಟೆಂಟ್ ಎಲ್ಲವನ್ನೂ ಹೊರಗಿಂದ ತಂದು ಇಲ್ಲಿ ಬರೀ ಜೋಡಿಸಿದರೆ, ಬೆಲೆ ನಿರ್ಧರಿಸೋರು ಹೊರಗಿನವರೇ ಆಗಿರ್ತಾರೆ. ಹೊಸ ಅಣು ಮಾಡೋಕೆ ಸಾವಿರಾರು ಕೋಟಿಯ ಕಾರ್ಖಾನೆ ಬೇಕಿಲ್ಲ. ಒಳ್ಳೆ ಲ್ಯಾಬು, ನಿಯಮಿತ ಫೆಲೋಶಿಪ್, ಖಾಲಿ ಬೀಳದ ಅಧ್ಯಾಪಕ ಹುದ್ದೆಗಳು ಬೇಕು.

ಶಿಕಾರಿಪುರ, ಸೊರಬದ ಪದವಿ ಕಾಲೇಜುಗಳು ಸೇರುವ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ ಶುರುವಾಗಿದ್ದೂ 1987ರಲ್ಲೇ, ಅಂದರೆ ಕೊಡಾಕ್‌ನ ಆ ಪ್ರಬಂಧ ಬಂದ ವರ್ಷವೇ. ಬಂಗಾರಪ್ಪ, ಯಡಿಯೂರಪ್ಪ ಇಬ್ಬರು ಮುಖ್ಯಮಂತ್ರಿಗಳನ್ನು ಕೊಟ್ಟ ತಾಲ್ಲೂಕುಗಳಿವು. ಇಲ್ಲಿ ವೋಟು ಕೇಳೋಕೆ ಬರುವವರಿಗೆ ರಸ್ತೆ, ನೀರಾವರಿ ಜೊತೆ ಇನ್ನೊಂದು ಪ್ರಶ್ನೆ ಕೇಳಬಹುದು: ನಮ್ಮೂರಿನ ಬಿಎಸ್ಸಿ ಕೆಮಿಸ್ಟ್ರಿ ಹುಡುಗಿ ಒಂದು ಹೊಸ ಅಣು ಮಾಡಿ, ಅದನ್ನು ಪರೀಕ್ಷಿಸಬೇಕು ಅಂದರೆ ಜಿಲ್ಲೆಯಲ್ಲಿ ಎಲ್ಲಿಗೆ ಹೋಗಬೇಕು?