ಮೂರು ಸಲ ತಿರಸ್ಕೃತವಾದ ಅರ್ಜಿ

1842ರ ಮೇ 2ರಂದು ಲಂಡನ್ನಿನ ಬೀದಿಗಳಲ್ಲಿ ಒಂದು ಅರ್ಜಿಯ ಮೆರವಣಿಗೆ ನಡೆಯಿತು. ಹಾಳೆಗೆ ಹಾಳೆ ಅಂಟಿಸಿ, ಸುರುಳಿ ಸುತ್ತಿ, ಮರದ ಚೌಕಟ್ಟಿನ ಮೇಲೆ ಕೂರಿಸಿ, ದೇವರ ಪಲ್ಲಕ್ಕಿಯಂತೆ ಕೂಲಿಕಾರರು ಹೆಗಲು ಬದಲಿಸುತ್ತ ಹೊತ್ತು ತಂದ ಅರ್ಜಿ ಅದು. ಬಿಚ್ಚಿ ಹಾಸಿದರೆ ಆರು ಮೈಲಿಗೂ ಮಿಕ್ಕಿದ ಉದ್ದ. ಸಹಿಗಳು 33 ಲಕ್ಷಕ್ಕೂ ಹೆಚ್ಚು. ಸಂಸತ್ತಿನ ಬಾಗಿಲಿನಲ್ಲಿ ಅದು ಹಿಡಿಸಲಿಲ್ಲ. ಕೊನೆಗೆ ಕಟ್ಟು ಬಿಚ್ಚಿ, ಕಂತೆ ಕಂತೆಯಾಗಿ ಒಳಗೆ ಸಾಗಿಸಿ, ಕಾಮನ್ಸ್ ಸಭೆಯ ನೆಲದ ಮೇಲೆ ರಾಶಿ ಹಾಕಿದರು. ಮರುದಿನ ಸಭೆಯ ಮುಂದಿದ್ದ ಪ್ರಶ್ನೆ ಬೇಡಿಕೆಗಳನ್ನು ಒಪ್ಪಬೇಕೇ ಎಂಬುದೂ ಅಲ್ಲ. ಅರ್ಜಿದಾರರ ಕಡೆಯವರನ್ನು ಕರೆಸಿ ಅವರ ಮಾತು ಕೇಳಬೇಕೇ ಬೇಡವೇ ಎಂಬುದಷ್ಟೇ. ಬೇಡ ಎಂದವರು 287, ಕೇಳೋಣ ಎಂದವರು 49.

ಈ ಅರ್ಜಿಯ ಹಿಂದಿದ್ದವರು ಚಾರ್ಟಿಸ್ಟರು. ದುಡಿಯುವ ಜನ ತಾವೇ ಕಟ್ಟಿ ನಡೆಸಿದ ಜಗತ್ತಿನ ಮೊದಲ ದೊಡ್ಡ ರಾಜಕೀಯ ಸುಧಾರಣಾ ಚಳವಳಿಗಳಲ್ಲಿ ಅವರದೂ ಒಂದು. ಅವರು 1839, 1842, 1848ರಲ್ಲಿ ಮೂರು ಸಲ ಸಂಸತ್ತಿಗೆ ಅರ್ಜಿ ಹಾಕಿದರು; ಮೂರು ಸಲವೂ ಬರಿಗೈ. ಆದರೂ ಅವರ ಆರು ಬೇಡಿಕೆಗಳಲ್ಲಿ ಐದು ಇಂದು ಬ್ರಿಟನ್ನಿನ ಕಾನೂನು. ಅವನ್ನು ಜಾರಿಗೆ ತಂದವರು ಮಾತ್ರ ಚಾರ್ಟಿಸ್ಟರಲ್ಲ. ಅವರನ್ನು ಬಾಗಿಲಾಚೆ ನಿಲ್ಲಿಸಿದ್ದ ಪಕ್ಷಗಳೇ, ತಮಗೆ ಲಾಭ ಕಂಡಾಗ, ಒಂದೊಂದಾಗಿ ಅವನ್ನು ಎತ್ತಿಕೊಂಡವು.

ಅರ್ಜಿಗೆ ಕಾರಣ ತಿಳಿಯಬೇಕಾದರೆ 1832ಕ್ಕೆ ಹೋಗಬೇಕು. ಅಲ್ಲಿಯತನಕ ಇಂಗ್ಲೆಂಡಿನ ಚುನಾವಣೆ ಒಂದು ವಿಚಿತ್ರ ವ್ಯವಸ್ಥೆ. ಸಾಲ್ಸ್‌ಬರಿ ಬಳಿಯ ಓಲ್ಡ್ ಸೇರಮ್ ಎಂಬ ಪಾಳುದಿಬ್ಬದಲ್ಲಿ ಊರೇ ಇರಲಿಲ್ಲ, ಆದರೂ ಅದರ ಹೆಸರಿನಲ್ಲಿ ಇಬ್ಬರು ಸಂಸದರು ಆರಿಸಿ ಬರುತ್ತಿದ್ದರು. ಡನಿಚ್ ಎಂಬ ಊರಿನ ಹೆಚ್ಚಿನ ಭಾಗವನ್ನು ಸಮುದ್ರ ನುಂಗಿತ್ತು, ಅದಕ್ಕೂ ಇಬ್ಬರು. ಗಿರಣಿಗಳ ಹೊಗೆಯಲ್ಲಿ ಬೆಳೆದು ನಿಂತಿದ್ದ ಮ್ಯಾಂಚೆಸ್ಟರಿಗೆ ಒಬ್ಬನೂ ಇಲ್ಲ. 1819ರಲ್ಲಿ ಅದೇ ಮ್ಯಾಂಚೆಸ್ಟರಿನ ಸೇಂಟ್ ಪೀಟರ್ಸ್ ಮೈದಾನದಲ್ಲಿ ಸುಧಾರಣೆ ಕೇಳಲು ಸೇರಿದ್ದ ಜನರ ಮೇಲೆ ಕುದುರೆ ಪಡೆ ಕತ್ತಿ ಹಿರಿದು ನುಗ್ಗಿತ್ತು. ಸುಮಾರು ಹದಿಮೂರು ವರ್ಷ ಕಳೆದ ಮೇಲೆ ಒತ್ತಡ ತಡೆಯಲಾರದೆ ಸಂಸತ್ತು ಮಣಿಯಿತು. 1832ರ ಸುಧಾರಣಾ ಕಾಯಿದೆ ಪಾಳುಕ್ಷೇತ್ರಗಳನ್ನು ಕಿತ್ತುಹಾಕಿತು, ಹೊಸ ಪಟ್ಟಣಗಳಿಗೆ ಸ್ಥಾನ ಕೊಟ್ಟಿತು. ಪಟ್ಟಣಗಳಲ್ಲಿ ವರ್ಷಕ್ಕೆ ಹತ್ತು ಪೌಂಡ್ ಬಾಡಿಗೆ ಬೆಲೆಬಾಳುವ ಮನೆಯಲ್ಲಿರುವ ಗಂಡಸಿಗೆ ಮತ ಕೊಟ್ಟಿತು.

ಹತ್ತು ಪೌಂಡಿನ ಈ ಗೆರೆಯಲ್ಲೇ ಜಾಣತನವಿತ್ತು. ಅಂಗಡಿ ಇಟ್ಟವನು, ಗಿರಣಿ ಮಾಲೀಕ, ವಕೀಲ ಗೆರೆಯ ಒಳಗಾದರು. ಅವರ ಜೊತೆ ಬೀದಿಗಿಳಿದು ಕೂಗಿದ್ದ ನೇಕಾರ, ಗಣಿ ಕೆಲಸಗಾರ, ಚಮ್ಮಾರ ಹೊರಗೇ ಉಳಿದರು. ಗಾಯದ ಮೇಲೆ ಬರೆ ಎಳೆದದ್ದು 1834ರ ಬಡವರ ಕಾಯಿದೆ. ಹೊಟ್ಟೆಗಿಲ್ಲದವನು ಸರ್ಕಾರದ ನೆರವು ಬೇಕೆಂದರೆ ‘ವರ್ಕ್‌ಹೌಸ್’ ಸೇರಬೇಕು; ಅಲ್ಲಿ ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ, ಮಕ್ಕಳು ಇನ್ನೊಂದು ಕಡೆ. ಸುಧಾರಣೆಯಾದ ಸಂಸತ್ತು ಬಡವರಿಗೆ ಕೊಟ್ಟ ಮೊದಲ ಉಡುಗೊರೆಗಳಲ್ಲಿ ಇದೂ ಒಂದು. ಮತವಿಲ್ಲದವನ ಗತಿ ಏನು ಎಂದು ತಿಳಿಯಲು ಜನರಿಗೆ ಬೇರೆ ಪಾಠ ಬೇಕಾಗಲಿಲ್ಲ.

ವಿಲಿಯಂ ಲವೆಟ್ ಎಂಬ ಮರಗೆಲಸದವನು 1836ರಲ್ಲಿ ಲಂಡನ್ ಕೆಲಸಗಾರರ ಸಂಘ ಕಟ್ಟಿದ. ಫ್ರಾನ್ಸಿಸ್ ಪ್ಲೇಸ್ ಎಂಬ ದರ್ಜಿಯ ನೆರವಿನಿಂದ 1838ರಲ್ಲಿ, ಚಾರ್ಟಿಸ್ಟರಿಗೆ ಹೆಸರು ತಂದ ‘ಚಾರ್ಟರ್’, ಅಂದರೆ ಜನತಾ ಸನ್ನದು ಸಿದ್ಧವಾಯಿತು. 21 ತುಂಬಿದ ಪ್ರತಿ ಗಂಡಸಿಗೂ ಮತ ಬೇಕು. ಆ ಮತ ಗುಟ್ಟಾಗಿರಬೇಕು. ಚುನಾವಣೆಗೆ ನಿಲ್ಲಲು ಆಸ್ತಿ ಇರಬೇಕೆಂಬ ನಿಯಮ ಹೋಗಬೇಕು. ಗೆದ್ದವನಿಗೆ ಸಂಬಳ ಬೇಕು, ಇಲ್ಲವಾದರೆ ದುಡಿದು ತಿನ್ನುವವನು ಸಂಸತ್ತಿನಲ್ಲಿ ಕೂರುವುದು ಹೇಗೆ. ಕ್ಷೇತ್ರಗಳಲ್ಲಿ ಮತದಾರರ ಸಂಖ್ಯೆ ಸರಿಸಮ ಇರಬೇಕು. ವರ್ಷಕ್ಕೊಂದು ಸಲ ಚುನಾವಣೆ ನಡೆಯಬೇಕು. ಇಷ್ಟೇ. ಕೂಲಿ ಹೆಚ್ಚಿಸಿ, ರೊಟ್ಟಿ ಅಗ್ಗ ಮಾಡಿ ಎಂಬ ಮಾತು ಸನ್ನದಿನಲ್ಲಿ ಇರಲಿಲ್ಲ. ಮತ ಸಿಕ್ಕರೆ ಉಳಿದದ್ದೆಲ್ಲ ಹಿಂದೆ ಬರುತ್ತದೆ ಎಂದು ಅವರು ನಂಬಿದ್ದರು.

ಮೊದಲ ಕರಡಿನಲ್ಲಿ ಹೆಂಗಸರಿಗೂ ಮತ ಕೇಳಲಾಗಿತ್ತೆಂದು ಲವೆಟ್ ಮುಂದೆ ಬರೆದುಕೊಂಡಿದ್ದಾನೆ. ಅದರಿಂದ ಗಂಡಸರ ಮತಕ್ಕೆ ತಡವಾದೀತು ಎಂದು ಕೆಲವರು ಆಕ್ಷೇಪಿಸಿದ್ದರಿಂದ ಅದನ್ನು ತೆಗೆದರಂತೆ. ಹೆಂಗಸರಿಗೆ ಗಂಡಸರ ಸಮಾನವಾಗಿ ಮತ ಸಿಕ್ಕಿದ್ದು 1928ರಲ್ಲಿ, ಸರಿಯಾಗಿ ತೊಂಬತ್ತು ವರ್ಷಗಳ ನಂತರ. ಅರ್ಜಿಗೆ ಸಹಿ ಹಾಕಲು, ಸಭೆ ಸೇರಿಸಲು, ಚಂದಾ ಎತ್ತಲು ಮಾತ್ರ ಹೆಂಗಸರು ಬೇಕಾಗಿದ್ದರು. ಊರೂರಲ್ಲಿ ಅವರ ಚಾರ್ಟಿಸ್ಟ್ ಸಂಘಗಳಿದ್ದವು.

ಚಳವಳಿಯನ್ನು ಊರೂರಿಗೆ ಹಬ್ಬಿಸಿದ್ದು ಒಂದು ವಾರಪತ್ರಿಕೆ. 1837ರ ನವೆಂಬರಿನಲ್ಲಿ ಲೀಡ್ಸ್ ನಗರದಲ್ಲಿ ಶುರುವಾದ ‘ನಾರ್ದರ್ನ್ ಸ್ಟಾರ್’ ಪತ್ರಿಕೆಯ ಬೆಲೆ ನಾಲ್ಕೂವರೆ ಪೆನ್ನಿ. ಕೈಮಗ್ಗದ ನೇಕಾರನಿಗೆ ಅದು ಸಣ್ಣ ಮೊತ್ತವಲ್ಲ. ಹಾಗಾಗಿ ನಾಲ್ಕು ಜನ ಕೂಡಿ ಒಂದು ಪ್ರತಿ ಕೊಳ್ಳುತ್ತಿದ್ದರು. ಹೆಂಡದಂಗಡಿಯಲ್ಲೋ ಒಬ್ಬನ ಮನೆಯ ಒಲೆಯ ಮುಂದೋ ಅಕ್ಷರ ಬಲ್ಲವನೊಬ್ಬ ಓದುತ್ತಿದ್ದ, ಉಳಿದವರು ಕೇಳಿ ವಾದಿಸುತ್ತಿದ್ದರು. ಪತ್ರಿಕೆ ಚಂದಾದಾರರಿಗೆ ನಾಯಕರ ಚಿತ್ರಗಳನ್ನು ಬಿಟ್ಟಿ ಹಂಚಿತು, ಜನ ಗೋಡೆಗೆ ಹಾಕಿಕೊಂಡರು. ಮಾಲೀಕ ಫಿಯರ್ಗಸ್ ಓಕಾನರ್ ಐರ್ಲೆಂಡಿನ ಜಮೀನುದಾರರ ಮನೆಯವನು, ವಕೀಲ, ಎತ್ತರದ ಆಳು, ಮೈಕಿಲ್ಲದ ಕಾಲದಲ್ಲಿ ಬಯಲು ತುಂಬುವ ಕಂಠ. 1841ರಲ್ಲಿ ಯಾರ್ಕ್ ಜೈಲಿನಿಂದ ಬಿಡುಗಡೆಯಾದಾಗ ಅವನು ಉಟ್ಟು ಬಂದದ್ದು ಫಸ್ಟಿಯನ್ ಎಂಬ, ಗಿರಣಿ ಆಳುಗಳು ತೊಡುವ ಒರಟು ಹತ್ತಿ ಬಟ್ಟೆಯ ದಿರಿಸು. ಬಟ್ಟೆಯನ್ನು ರಾಜಕೀಯದ ಮಾತಾಗಿಸುವ ವಿದ್ಯೆ ನಮ್ಮವರಿಗೆ ಖಾದಿ ಕಾಲದಿಂದ ಗೊತ್ತು, ಓಕಾನರನಿಗೂ ಗೊತ್ತಿತ್ತು. ಅಪ್ಪ ಅಮ್ಮಂದಿರು ಮಕ್ಕಳಿಗೆ ಅವನ ಹೆಸರಿಟ್ಟರು. ಲವೆಟ್‌ಗೆ ಈ ಆರಾಧನೆ ಹಿಡಿಸಲಿಲ್ಲ. ಜನರಿಗೆ ವಿದ್ಯೆ ಬರಲಿ, ಆಗ ಹಕ್ಕು ತಾನಾಗಿ ದಕ್ಕುತ್ತದೆ ಎನ್ನುವವನು ಅವನು. ಹೆದರಿಸದೆ ಯಾರೂ ಕೊಡುವುದಿಲ್ಲ ಎನ್ನುವವನು ಇವನು. ಈ ಜಗಳ ಕೊನೆಯತನಕ ಮುಗಿಯಲಿಲ್ಲ.

ಹೆದರಿಸಲು ಹೋದವರೂ ಇದ್ದರು. 1839ರ ಅರ್ಜಿಯಲ್ಲಿ 12 ಲಕ್ಷಕ್ಕೂ ಹೆಚ್ಚು ಸಹಿಗಳಿದ್ದವು, ಅದು ತಿರಸ್ಕೃತವಾಯಿತು. ಅದೇ ನವೆಂಬರ್ 4ರಂದು ವೇಲ್ಸಿನ ಗಣಿ ಕಣಿವೆಗಳಿಂದ ಸಾವಿರಾರು ಜನ ರಾತ್ರಿಯಿಡೀ ಮಳೆಯಲ್ಲಿ ನಡೆದು ನ್ಯೂಪೋರ್ಟ್ ಪಟ್ಟಣಕ್ಕೆ ಬಂದರು. ವೆಸ್ಟ್‌ಗೇಟ್ ಹೋಟೆಲಿನ ಒಳಗಿದ್ದ ಸೈನಿಕರು ಗುಂಡು ಹಾರಿಸಿದರು, ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಮುಂದಾಳು ಜಾನ್ ಫ್ರಾಸ್ಟ್ ಹಿಂದೆ ಅದೇ ಪಟ್ಟಣದ ಮೇಯರ್ ಆಗಿದ್ದವನು. ಅವನಿಗೂ ಇನ್ನಿಬ್ಬರಿಗೂ ನೇಣು ಹಾಕಿ ದೇಹವನ್ನು ನಾಲ್ಕು ತುಂಡು ಮಾಡುವ ಶಿಕ್ಷೆ ಆಯಿತು, ಆಮೇಲೆ ಅದು ಗಡಿಪಾರಿಗೆ ಇಳಿಯಿತು.

ನನಗೆ ಇದಕ್ಕಿಂತ ಹೆಚ್ಚು ಚುರುಕಾಗಿ ಕಾಣುವುದು 1842ರ ಆಗಸ್ಟಿನ ಮುಷ್ಕರ. ಕೂಲಿ ಕಡಿತಕ್ಕೆ ರೊಚ್ಚಿಗೆದ್ದ ಲ್ಯಾಂಕಷೈರ್ ಗಿರಣಿ ಕಾರ್ಮಿಕರು ಗುಂಪಾಗಿ ಊರಿಂದೂರಿಗೆ ನಡೆದರು. ಪ್ರತಿ ಗಿರಣಿಯಲ್ಲೂ ನೇರ ಬಾಯ್ಲರಿನ ಬಳಿ ಹೋಗಿ ಅದರ ಬಿರಡೆ ಕಿತ್ತುಬಿಡುತ್ತಿದ್ದರು. ನೀರೆಲ್ಲ ಸುರಿದು ಬೆಂಕಿ ಆರುತ್ತಿತ್ತು, ಹಬೆಯಿಲ್ಲದೆ ಎಂಜಿನ್ ನಿಲ್ಲುತ್ತಿತ್ತು, ಎಂಜಿನ್ ನಿಂತರೆ ಇಡೀ ಗಿರಣಿ ಸ್ತಬ್ಧ. ಮಗ್ಗ ಮುರಿಯುವ ಅಗತ್ಯವೇ ಬರಲಿಲ್ಲ. ಸಭೆಗಳಲ್ಲಿ ಅವರು ಕೂಲಿಯ ಜೊತೆಗೆ ಸನ್ನದನ್ನೂ ಕೇಳಿದರು. ಹಸಿವು ಹೆಚ್ಚಾದಾಗ ಕೆಲಸಕ್ಕೆ ಮರಳಿದರು; ನೂರಾರು ಜನ ಜೈಲು ಸೇರಿದರು.

ಆ ವರ್ಷದ ಅರ್ಜಿಯನ್ನು ವಿರೋಧಿಸಿ ಮಾತಾಡಿದವರಲ್ಲಿ ನಮಗೆ ಚೆನ್ನಾಗಿ ಗೊತ್ತಿರುವ ಒಬ್ಬನಿದ್ದ: ಥಾಮಸ್ ಮೆಕಾಲೆ. ಕಲ್ಕತ್ತೆಯಲ್ಲಿ ಕೂತು ಭಾರತೀಯರಿಗೆ ಇಂಗ್ಲಿಷ್ ವಿದ್ಯೆ ಬೇಕೆಂದು 1835ರಲ್ಲಿ ಟಿಪ್ಪಣಿ ಬರೆದ ಅದೇ ಮೆಕಾಲೆ. ಎಲ್ಲರಿಗೂ ಮತ ಕೊಟ್ಟರೆ ಆಸ್ತಿಯಿಲ್ಲದವರು ಆಸ್ತಿಯಿದ್ದವರನ್ನು ದೋಚುತ್ತಾರೆ, ನಾಗರಿಕತೆಯೇ ಉಳಿಯುವುದಿಲ್ಲ ಎಂಬುದು ಅವನ ವಾದ. ಅಚ್ಚರಿಯೆಂದರೆ ಅವನು ಸನ್ನದಿನ ಎಲ್ಲ ಅಂಶಗಳನ್ನೂ ತಳ್ಳಿಹಾಕಲಿಲ್ಲ. ಗುಪ್ತ ಮತದಾನಕ್ಕೆ ಅವನ ಒಪ್ಪಿಗೆಯಿತ್ತು. ಅವನಿಗೆ ಭಯವಿದ್ದದ್ದು ಮತ ಯಾರ ಕೈಗೆ ಹೋಗುತ್ತದೆ ಎಂಬುದರ ಬಗ್ಗೆ ಮಾತ್ರ. ಇಲ್ಲಿಯೂ ಆ ಭಯ ಬಹುಕಾಲ ಇತ್ತು: 1881ರಲ್ಲಿ ಮೈಸೂರಿನ ಪ್ರಜಾಪ್ರತಿನಿಧಿ ಸಭೆ ಮೊದಲು ಸೇರಿದಾಗ ಅಲ್ಲಿದ್ದವರು ಮುಖ್ಯವಾಗಿ ಜಮೀನುಳ್ಳ ರೈತರು ಮತ್ತು ವರ್ತಕರು.

1848ರಲ್ಲಿ ಯುರೋಪಿನಲ್ಲೆಲ್ಲ ಸಿಂಹಾಸನಗಳು ನಡುಗುತ್ತಿದ್ದವು. ಏಪ್ರಿಲ್ 10ರಂದು ಲಂಡನ್ನಿನ ಕೆನ್ನಿಂಗ್ಟನ್ ಮೈದಾನದಲ್ಲಿ ಸೇರಿ, ಮೂರನೆಯ ಅರ್ಜಿಯನ್ನು ಮೆರವಣಿಗೆಯಲ್ಲಿ ಒಯ್ಯುವುದಾಗಿ ಚಾರ್ಟಿಸ್ಟರು ಸಾರಿದರು. ವಿಕ್ಟೋರಿಯಾ ರಾಣಿಯನ್ನು ವೈಟ್ ದ್ವೀಪಕ್ಕೆ ಕಳಿಸಿದರು. ಬ್ಯಾಂಕ್ ಆಫ್ ಇಂಗ್ಲೆಂಡಿಗೆ ಮರಳುಮೂಟೆ ಪೇರಿಸಿದರು. ರಕ್ಷಣೆಯ ಹೊಣೆ ಮುದಿ ವೆಲಿಂಗ್ಟನ್ನನದು, ಟಿಪ್ಪುವಿನ ವಿರುದ್ಧ ಶ್ರೀರಂಗಪಟ್ಟಣದಲ್ಲಿ ಯುದ್ಧ ಮಾಡಿದ ಆರ್ಥರ್ ವೆಲ್ಲೆಸ್ಲಿಯೇ ಅವನು. ಹತ್ತಾರು ಸಾವಿರ ಜನ ‘ವಿಶೇಷ ಪೇದೆ’ಗಳಾಗಿ ಹೆಸರು ಕೊಟ್ಟರು, ಮುಂದೆ ಫ್ರಾನ್ಸಿನ ಚಕ್ರವರ್ತಿಯಾಗುವ ಲೂಯಿ ನೆಪೋಲಿಯನ್ ಕೂಡ ಲಾಠಿ ಹಿಡಿದ. ಮೆರವಣಿಗೆ ನದಿ ದಾಟಕೂಡದು ಎಂದು ಪೊಲೀಸ್ ಕಮಿಷನರ್ ಹೇಳಿದ್ದಕ್ಕೆ ಓಕಾನರ್ ಒಪ್ಪಿಬಿಟ್ಟ. ಅರ್ಜಿ ಬಾಡಿಗೆ ಗಾಡಿಗಳಲ್ಲಿ ಸಂಸತ್ತಿಗೆ ಹೋಯಿತು. ಆ ದಿನದ ಜನಸಂದಣಿಯನ್ನು ವಿಲಿಯಂ ಕಿಲ್ಬರ್ನ್ ಫೋಟೋ ತೆಗೆದ. ಜನಸಮೂಹದ ಅತ್ಯಂತ ಹಳೆಯ ಫೋಟೋಗಳಲ್ಲಿ ಅದೂ ಒಂದು.

57 ಲಕ್ಷ ಸಹಿಗಳಿವೆ ಎಂದು ಓಕಾನರ್ ಹೇಳಿದ್ದ. ಸಭೆಯ ಗುಮಾಸ್ತರು ಎಣಿಸಿ 19,75,496 ಎಂದರು. ನಡುವೆ ವಿಕ್ಟೋರಿಯಾ ರಾಣಿಯ ಸಹಿಯಿತ್ತು, ವೆಲಿಂಗ್ಟನ್ನನ ಸಹಿಯಿತ್ತು, ಯಾರೋ ತಮಾಷೆಗೆ ಬರೆದ ಅಡ್ಡಹೆಸರುಗಳಿದ್ದವು. ಊರೆಲ್ಲ ನಕ್ಕಿತು. ಚಳವಳಿಯ ಬೆನ್ನು ಮುರಿದದ್ದು ಸೈನ್ಯವಲ್ಲ, ಈ ನಗು. ಆದರೆ ಲೆಕ್ಕ ನೋಡಿ: 13 ಗುಮಾಸ್ತರು 17 ಗಂಟೆಗಳಲ್ಲಿ ಎಣಿಸಿದರು ಎಂದು ಸಭೆಗೆ ವರದಿಯಾಯಿತು. ಅಂದರೆ ಒಬ್ಬೊಬ್ಬ ಗಂಟೆಗೆ ಸುಮಾರು 9,000 ಸಹಿ, ಸೆಕೆಂಡಿಗೆ ಎರಡೂವರೆ, ನಡುವೆ ಉಸಿರಾಡಲೂ ಬಿಡುವಿಲ್ಲದೆ. ಅದು ಆಗದ ಕೆಲಸ ಎಂದು ಓಕಾನರ್ ಸಭೆಯಲ್ಲೇ ಹೇಳಿದ, ಕೇಳುವವರಿರಲಿಲ್ಲ. ಗುಮಾಸ್ತರ ಲೆಕ್ಕವನ್ನೇ ಒಪ್ಪಿದರೂ ಸಹಿ ಮಾಡಿದವರು ಆಗಿನ ಒಟ್ಟು ಮತದಾರರಿಗಿಂತ ಹೆಚ್ಚು.

ಆ ಬೇಸಗೆಯಲ್ಲಿ ಬಂಧನಗಳು ನಡೆದವು. ವಿಲಿಯಂ ಕಫೇ ಎಂಬ ಲಂಡನ್ ದರ್ಜಿ, ಸೇಂಟ್ ಕಿಟ್ಸ್ ದ್ವೀಪದಲ್ಲಿ ಗುಲಾಮನಾಗಿದ್ದವನೊಬ್ಬನ ಮಗ, ಟಾಸ್ಮೇನಿಯಾಕ್ಕೆ ಜೀವಾವಧಿ ಗಡಿಪಾರಾದ. ಕ್ಷಮಾದಾನ ಸಿಕ್ಕ ಮೇಲೂ ಅಲ್ಲೇ ಉಳಿದು, ಬಟ್ಟೆ ಹೊಲಿಯುತ್ತ, ಕೆಲಸಗಾರರ ಸಭೆಗಳಲ್ಲಿ ಮಾತಾಡುತ್ತ 1870ರಲ್ಲಿ ತೀರಿಕೊಂಡ. ಓಕಾನರ್ ಬುದ್ಧಿ ಸ್ಥಿಮಿತ ಕಳೆದುಕೊಂಡು 1855ರಲ್ಲಿ ಸತ್ತ.

ಆಮೇಲೆ ಪಕ್ಷಗಳ ಸರದಿ. ಅಭ್ಯರ್ಥಿಗೆ ಆಸ್ತಿ ಇರಬೇಕೆಂಬ ನಿಯಮ 1858ರಲ್ಲಿ ಸದ್ದಿಲ್ಲದೆ ಹೋಯಿತು. 1867ರಲ್ಲಿ ಪಟ್ಟಣದ ಕೆಲಸಗಾರರಿಗೆ ಮತ ಕೊಟ್ಟವನು ಕನ್ಸರ್ವೇಟಿವ್ ಪಕ್ಷದ ಡಿಸ್ರೇಲಿ. ಎದುರಾಳಿ ಗ್ಲಾಡ್‌ಸ್ಟನ್ ಆ ಶ್ರೇಯ ಕಸಿಯದಂತೆ ತಾನೇ ಒಂದು ಹೆಜ್ಜೆ ಮುಂದೆ ಹಾಕಿದ. ಗ್ಲಾಡ್‌ಸ್ಟನ್ ಸರ್ಕಾರ 1872ರಲ್ಲಿ ಗುಪ್ತ ಮತದಾನ ತಂದಿತು; ಆಸ್ಟ್ರೇಲಿಯಾದ ವಿಕ್ಟೋರಿಯಾ ಮತ್ತು ದಕ್ಷಿಣ ಆಸ್ಟ್ರೇಲಿಯಾಗಳಲ್ಲಿ ಅದು 1856ರಲ್ಲೇ ಬಂದಿತ್ತು. 1872ರವರೆಗೆ ಬ್ರಿಟನ್ನಿನ ಮತದಾರ ಕಟ್ಟೆಯ ಮುಂದೆ ನಿಂತು ತನ್ನ ಅಭ್ಯರ್ಥಿಯ ಹೆಸರನ್ನು ಬಾಯಿಬಿಟ್ಟು ಹೇಳಬೇಕಿತ್ತು. ಯಾರು ಯಾರಿಗೆ ಮತ ಹಾಕಿದರು ಎಂಬ ಪುಸ್ತಕ ಅಚ್ಚಾಗಿ ಮಾರಾಟವಾಗುತ್ತಿತ್ತು. ಜಮೀನುದಾರನಿಗೆ ಬೇರೆ ಗೂಢಚಾರರು ಬೇಕೇ?

ಹೊಸ ಪದ್ಧತಿಯ ಮೊದಲ ಸಂಸತ್ ಚುನಾವಣೆ ನಡೆದದ್ದು 1872ರ ಆಗಸ್ಟ್ 15ರಂದು, ಪಾಂಟಿಫ್ರ್ಯಾಕ್ಟ್ ಎಂಬ ಊರಿನ ಉಪಚುನಾವಣೆಯಲ್ಲಿ. ಆ ಊರು ಜ್ಯೇಷ್ಠಮಧುವಿನ ಮಿಠಾಯಿಗೆ ಹೆಸರುವಾಸಿ. ಮತಪೆಟ್ಟಿಗೆಗೆ ಅರಗಿನ ಮೊಹರು ಹಾಕಲು ಅಧಿಕಾರಿಗಳು ಬಳಸಿದ್ದು ಆ ಮಿಠಾಯಿ ಬಿಲ್ಲೆಗಳ ಮೇಲೆ ಒತ್ತುವ ಅಚ್ಚನ್ನು: ಕೋಟೆಯ ಚಿತ್ರ, ಅದರ ಮೇಲೊಂದು ಗೂಬೆ. ಆ ಮರದ ಪೆಟ್ಟಿಗೆ ಈಗಲೂ ಊರಿನ ವಸ್ತುಸಂಗ್ರಹಾಲಯದಲ್ಲಿದೆ, ಅರಗಿನ ಗುರುತು ಇನ್ನೂ ಹೋಗಿಲ್ಲ.

ಕ್ಷೇತ್ರಗಳನ್ನು ಸುಮಾರಾಗಿ ಸಮ ಮಾಡಿದ್ದು 1885ರಲ್ಲಿ. ಸಂಸದರ ಸಂಬಳದ ಕಥೆ ಇನ್ನೂ ಸ್ವಾರಸ್ಯ. ಹೊಸದಾಗಿ ತಲೆ ಎತ್ತಿದ್ದ ಲೇಬರ್ ಪಕ್ಷದ ಸಂಸದರಿಗೆ ಕಾರ್ಮಿಕ ಸಂಘಗಳೇ ಖರ್ಚಿಗೆ ಕೊಡುತ್ತಿದ್ದವು. ಸಂಘದ ಹಣವನ್ನು ಹಾಗೆ ಬಳಸುವಂತಿಲ್ಲ ಎಂದು 1909ರಲ್ಲಿ ಆಸ್ಬರ್ನ್ ಮೊಕದ್ದಮೆಯ ತೀರ್ಪು ಬಂತು. ಲೇಬರ್ ಬೆಂಬಲ ಬೇಕಾಗಿದ್ದ ಲಿಬರಲ್ ಸರ್ಕಾರ 1911ರಲ್ಲಿ ವರ್ಷಕ್ಕೆ 400 ಪೌಂಡ್ ಸಂಬಳ ಗೊತ್ತು ಮಾಡಿತು. ಲವೆಟ್ 1838ರಲ್ಲಿ ಕೇಳಿದ್ದು ಒಂದು ಮೊಕದ್ದಮೆಯ ಬಾಲ ಹಿಡಿದು ಬಂತು. 1918ರಲ್ಲಿ, ಮಹಾಯುದ್ಧದಲ್ಲಿ ಸತ್ತವರ ಲೆಕ್ಕ ಕಣ್ಣ ಮುಂದಿರುವಾಗ, 21 ತುಂಬಿದ ಗಂಡಸರಿಗೆಲ್ಲ ಮತ ಸಿಕ್ಕಿತು.

ಉಳಿದದ್ದು ಆರನೆಯದು. ವರ್ಷಕ್ಕೊಂದು ಚುನಾವಣೆ ಎಂದರೆ ಈಗ ಯಾರಾದರೂ ತಲೆ ಚಚ್ಚಿಕೊಳ್ಳುತ್ತಾರೆ. ಖರ್ಚು, ಗದ್ದಲ, ನೀತಿ ಸಂಹಿತೆ ನೆನೆದರೆ ನನಗೂ ಬೇಡವೆನಿಸುತ್ತದೆ. ಚಾರ್ಟಿಸ್ಟರ ತರ್ಕ ಮಾತ್ರ ಗಟ್ಟಿಯಾಗಿತ್ತು: ಏಳು ವರ್ಷಕ್ಕೊಮ್ಮೆ ಒಂದು ಕ್ಷೇತ್ರವನ್ನು ದುಡ್ಡು ಕೊಟ್ಟು ಕೊಳ್ಳಬಹುದು, ಎಲ್ಲರಿಗೂ ಮತವಿದ್ದಾಗ ಪ್ರತಿ ವರ್ಷ ಕೊಳ್ಳುವಷ್ಟು ದುಡ್ಡು ಯಾರಲ್ಲೂ ಇರುವುದಿಲ್ಲ. ಉಳಿದ ಐದು ಬೇಡಿಕೆಗಳಿಂದ ಯಾವುದಾದರೊಂದು ಪಕ್ಷಕ್ಕೆ ಒಂದಲ್ಲ ಒಂದು ದಿನ ಲಾಭವಿತ್ತು. ಗೆದ್ದವನನ್ನು ಹನ್ನೆರಡು ತಿಂಗಳಲ್ಲಿ ಮತ್ತೆ ಮತದಾರನ ಮುಂದೆ ನಿಲ್ಲಿಸುವ ಈ ಬೇಡಿಕೆಯಿಂದ ಗೆದ್ದ ಯಾವ ಪಕ್ಷಕ್ಕೂ ಲಾಭವಿಲ್ಲ. 1911ರ ಸಂಸತ್ ಕಾಯಿದೆ ಏಳು ವರ್ಷದ ಅವಧಿಯನ್ನು ಐದಕ್ಕೆ ಇಳಿಸಿತು, ಅಲ್ಲಿಗೆ ನಿಂತಿತು. 2011ರಲ್ಲಿ ಚುನಾವಣೆಯ ದಿನವನ್ನು ಕಾನೂನಿನಲ್ಲೇ ನಿಗದಿ ಮಾಡಿದರು. 2022ರಲ್ಲಿ ಅದನ್ನೂ ರದ್ದುಗೊಳಿಸಿದರು. ಈಗ ಐದು ವರ್ಷದ ಒಳಗೆ ಯಾವಾಗ ಚುನಾವಣೆ ಎಂಬುದು ಮತ್ತೆ ಪ್ರಧಾನಮಂತ್ರಿಯ ಇಚ್ಛೆಗೆ ಬಿಟ್ಟದ್ದು.